ಗಾಯಕರಿಗಿಂತ ಮೊದಲು ತಂಬೂರಿ ಕೇಳಿ: ಮನೆಗೆ ತರಬೇಕಾದ ಲೈವ್ ರೆಕಾರ್ಡಿಂಗ್‌ಗಳು

ಹಿಂದೂಸ್ತಾನಿ ಕಚೇರಿಯ ಲೈವ್ ರೆಕಾರ್ಡಿಂಗ್ ಕೊಳ್ಳುವಾಗ ಮೊದಲ ಎರಡು ನಿಮಿಷ ಗಾಯಕರನ್ನು ಬಿಟ್ಟುಬಿಡಿ, ಹಿಂದಿನ ತಂಬೂರಿ ಕೇಳಿ. ತಂತಿಗಳು ಬೇರೆಬೇರೆಯಾಗಿ ಕೇಳಿಸಬೇಕು, ಜವಾರಿಯ, ಅಂದರೆ ತಂತಿ ಕೆಳಗಿನ ಪಟ್ಟಿಗೆ ತಾಗಿ ಹುಟ್ಟುವ, ಝೇಂಕಾರ ಒಂದು ಮೀಟಿನಿಂದ ಇನ್ನೊಂದಕ್ಕೆ ಹರಿದುಕೊಂಡು ಬರಬೇಕು. ಅದು ಚೆನ್ನಾಗಿದ್ದರೆ ಉಳಿದದ್ದೂ ಹೆಚ್ಚುಕಡಿಮೆ ಚೆನ್ನಾಗಿರುತ್ತದೆ. ಬರೀ ಗುಂಯ್ ಅಂತ ಒಂದೇ ಸದ್ದು ಬಂದರೆ, ಮೇಲೆ ಎಷ್ಟೇ ದೊಡ್ಡ ಹೆಸರಿರಲಿ, ಬೇಡ.

ಪುಣೆಯಲ್ಲಿರುವ ನಮ್ಮ ಕಡೆಯವರಿಗೆ ಇದರ ಹುಚ್ಚು ಜಾಸ್ತಿ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡರು. ಮರುವರ್ಷ ಅವರ ನೆನಪಿಗೆ ಶಿಷ್ಯ ಭೀಮಸೇನ ಜೋಶಿಯವರು ಇಲ್ಲಿ ಶುರುಮಾಡಿದ ಉತ್ಸವ ಈಗಲೂ ಡಿಸೆಂಬರಿನಲ್ಲಿ ನಡೆಯುತ್ತದೆ. ಮೊದಲು ರಾತ್ರಿಯಿಡೀ ನಡೆಯುತ್ತಿತ್ತು, ಧ್ವನಿವರ್ಧಕದ ನಿಯಮ ಬಿಗಿಯಾದ ಮೇಲೆ ಅದು ನಿಂತುಹೋಯಿತು. ಹಾಗಾಗಿ ಮಧ್ಯರಾತ್ರಿ ಕಳೆದ ಮೇಲಿನ ದರಬಾರಿ, ನಸುಕಿನ ಲಲತ್, ಈ ರಾಗಗಳನ್ನು ಅದೇ ಹೊತ್ತಿನಲ್ಲಿ, ತುಂಬಿದ ಮಂಟಪದಲ್ಲಿ ಹಾಡಿದ್ದು ಬೇಕು ಅಂದರೆ ಹಳೆಯ ರೆಕಾರ್ಡಿಂಗೇ ಗತಿ. ಆರಿಸುವಾಗ ಅಸಡ್ಡೆ ಮಾಡಬಾರದು ಅನ್ನುವುದು ಅದಕ್ಕೇ.

ಈಗ ಕೇಳಿ ನೋಡಿ ಕೊಳ್ಳುವ ಅಂಗಡಿಗಳೂ ಉಳಿದಿಲ್ಲ. ಪುಣೆಯ ಕರ್ವೆ ರಸ್ತೆಯ ಆಲೂರ್ಕರ್ ಅಂಗಡಿ ಇಲ್ಲ, ಮುಂಬೈ ಕಾಲಾ ಘೋಡಾದ ರಿದಮ್ ಹೌಸ್ 2016ರಲ್ಲಿ ಮುಚ್ಚಿತು. ಹಾಗಾಗಿ ಕವರ್ ಓದುವುದನ್ನು ಕಲಿಯಬೇಕು. ಊರು, ವರ್ಷ, ತಬಲಾ ಯಾರು, ಪೇಟಿ (ಹಾರ್ಮೋನಿಯಂ) ಯಾರು, ಇಷ್ಟೂ ಬರೆದಿದ್ದರೆ ತಯಾರಿಸಿದವರಿಗೆ ಅದರ ಮೇಲೆ ಅಕ್ಕರೆ ಇದೆ ಅಂತಲೇ ಅರ್ಥ. ಬರೀ ‘ಲೈವ್’ ಅಂತಿದ್ದು ಬೇರೇನೂ ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ.

ಆಮೇಲೆ ಅವಧಿ ನೋಡಿ. ಎಲ್‌ಪಿಯ ಒಂದು ಬದಿಗೆ ಸುಮಾರು 20ರಿಂದ 25 ನಿಮಿಷ ಹಿಡಿಯುತ್ತಿತ್ತು, 60 ನಿಮಿಷದ ಕ್ಯಾಸೆಟ್‌ಗೆ ಬದಿಗೆ 30. ಮುಕ್ಕಾಲು ಗಂಟೆ ಹಾಡಿದ ವಿಲಂಬಿತ (ನಿಧಾನ ಲಯದ) ಖಯಾಲನ್ನು ಅಷ್ಟರಲ್ಲಿ ಕೂರಿಸಬೇಕಾದರೆ ಕತ್ತರಿ ಬೀಳಲೇಬೇಕು, ಬಿದ್ದದ್ದು ಬಹಳ ಸಲ ಆಲಾಪದ ಬಢತ್, ಅಂದರೆ ರಾಗವನ್ನು ಮೆಲ್ಲಗೆ ಬೆಳೆಸುವ ಭಾಗದ, ಮೇಲೆಯೇ. ಸಿಡಿಗೆ 74 ನಿಮಿಷಕ್ಕಿಂತ ಜಾಸ್ತಿ ಜಾಗವಿದ್ದರೂ ಅದೇ ಕತ್ತರಿಸಿದ ಟೇಪನ್ನೇ ತಂದು ಹಾಕಿದವರಿದ್ದಾರೆ. ಒಂದೇ ರಾಗ, ಒಂದೇ ಟ್ರ್ಯಾಕ್, 50 ನಿಮಿಷದ ಮೇಲೆ ಅಂತಿದ್ದರೆ ಧೈರ್ಯವಾಗಿ ತಗೊಳ್ಳಿ.

ನನ್ನ ಮೊದಲ ಆಯ್ಕೆ ಆಕಾಶವಾಣಿಯ ಸಂಗ್ರಹದಿಂದ ಬಂದವು. ಮಲ್ಲಿಕಾರ್ಜುನ ಮನ್ಸೂರರ ಅಪರೂಪದ ರಾಗಗಳಿಗೆ, ಗಂಗೂಬಾಯಿ ಹಾನಗಲ್ಲರ ತುಂಬುದನಿಗೆ ಮೊದಲು ಹುಡುಕಬೇಕಾದದ್ದು ಅಲ್ಲಿಯೇ. ರೇಡಿಯೋದವರಿಗೆ ಮೈಕ್ ಇಡುವುದು ದಿನನಿತ್ಯದ ಕೆಲಸವಾಗಿತ್ತು. ದನಿ ಮುಂದೆ, ತಬಲಾ ಅದರ ಜಾಗದಲ್ಲಿ, ಪೇಟಿ ಗಾಯಕರ ಮೇಲೆ ಬೀಳುವುದಿಲ್ಲ. ಆದರೆ ಅವುಗಳಲ್ಲಿ ಸ್ಟುಡಿಯೋದಲ್ಲಿ ಹಾಡಿದ್ದೇ ಜಾಸ್ತಿ, ಸಮಯಕ್ಕೆ ಸರಿಯಾಗಿ ಮುಗಿಸಿರುತ್ತಾರೆ. ಜನರೆದುರಿನ ಬಿಸಿ ಬೇಕಾದರೆ 1954ರಲ್ಲಿ ಶುರುವಾದ ರೇಡಿಯೋ ಸಂಗೀತ ಸಮ್ಮೇಳನದವನ್ನು ಹುಡುಕಿ. ಪ್ರಸಾರ ಭಾರತಿ ತನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಹಳೆಯ ಸಂಗೀತವನ್ನು ಬಿಟ್ಟಿಯಾಗಿ ಹಾಕುತ್ತದೆ, ಮೊದಲು ಅಲ್ಲಿ ಕೇಳಿ, ಇಷ್ಟವಾದದ್ದನ್ನು ಆಮೇಲೆ ಕೊಳ್ಳಿ.

ವಾದ್ಯಕ್ಕಾದರೆ ನ್ಯೂಯಾರ್ಕಿನ ರಾಗಾ ರೆಕಾರ್ಡ್ಸ್‌ನವರು ತಂದ ಸಿತಾರ್ ವಾದಕ ನಿಖಿಲ್ ಬ್ಯಾನರ್ಜಿಯವರ ಕಚೇರಿಗಳು. 1970ರ ರಾಟರ್‌ಡ್ಯಾಮ್ ಕಚೇರಿಯ ಭೀಮಪಲಾಸಿ, ಮುಲ್ತಾನಿ ಕೇಳಿದರೆ ಸಾಕು. ಮೀಂಡಿನ, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಾದದ, ಕೊನೆಯ ಎಳೆ ಕರಗುವವರೆಗೂ ಅದರ ಹಿಂದೆಯೇ ಹೋಗಬಹುದು. ಕೆಮ್ಮು, ಚಪ್ಪಾಳೆ ಇದ್ದರೆ ಇರಲಿ ಬಿಡಿ. ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದಾಗ ಸಭೆ ‘ವಾಹ್’ ಅನ್ನದ ಲೈವ್ ರೆಕಾರ್ಡಿಂಗ್ ಯಾಕೆ ಬೇಕು, ಅಲ್ವಾ?

ನಾನು ಖಂಡಿತ ಬೇಡ ಅನ್ನುವುದು ಎರಡು ಬಗೆಯವು. ಒಂದು, ಅತಿಯಾಗಿ ತೊಳೆದದ್ದು. ‘ಡಿಜಿಟಲ್ ರೀಮಾಸ್ಟರ್ಡ್’ ಅಂತ ದೊಡ್ಡದಾಗಿ ಬರೆದು, ಟೇಪಿನ ಹಿಸ್ (ಹಿಂದಿನ ಸುಯ್ ಸದ್ದು) ತೆಗೆಯಲು ಹೋಗಿ ತಂಬೂರಿಯ ಮೇಲಿನ ಸೂಕ್ಷ್ಮ ನಾದವನ್ನೂ ಜೊತೆಗೇ ತೆಗೆದಿರುತ್ತಾರೆ. ಹಿಸ್ ಇರುವುದೂ ಈ ನಾದ ಇರುವುದೂ ಹೆಚ್ಚಾಗಿ ಅದೇ ಮೇಲಿನ ಕಂಪನಗಳಲ್ಲಿ, ಒಂದನ್ನು ಕೆರೆದರೆ ಇನ್ನೊಂದೂ ಹೋಗುತ್ತದೆ. ಕೆಲವರು ಸದ್ದಿನ ಏರಿಳಿತವನ್ನೂ ಸಮ ಮಾಡಿಬಿಡುತ್ತಾರೆ, ಆಗ ಮಂದ್ರದ (ತಗ್ಗಿನ) ಮೆಲ್ಲನೆಯ ಸ್ವರವೂ ದ್ರುತದ (ವೇಗದ ಲಯದ) ತಾನೂ ಒಂದೇ ಜೋರಿನಲ್ಲಿ ಬಂದು ಹತ್ತು ನಿಮಿಷಕ್ಕೇ ಕಿವಿ ದಣಿಯುತ್ತದೆ. ನನಗೆ ಹಿಸ್ ಇರುವುದೇ ಬೇಕು. ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಮರೆಯುತ್ತದೆ, ಹೋದ ನಾದ ಮಾತ್ರ ವಾಪಸ್ ಬರುವುದಿಲ್ಲ.

ಎರಡನೆಯದು ಪೆನ್‌ಡ್ರೈವ್‌ನಲ್ಲಿ ತುಂಬಿಸಿ ಮಾರುವ ಸಂಗ್ರಹ. ಪರಿಚಯದವರೊಬ್ಬರು ಇಲ್ಲಿ ಒಂದು ಅಂಗಡಿಯಿಂದ ತಂದಿದ್ದರು, ಕೂತು ಕೇಳಿದೆವು. ಕಲಾವಿದರಿಗೆ ಅದರಿಂದ ಒಂದು ರೂಪಾಯಿಯೂ ಹೋಗುವುದಿಲ್ಲ ಅನ್ನುವುದು ಮೊದಲ ತಕರಾರು. ಸದ್ದಿನ ವಿಷಯಕ್ಕೆ ಬಂದರೆ, ಡಗ್ಗಾ (ತಬಲಾ ಜೋಡಿಯ ದೊಡ್ಡದು) ಹೊಡೆದಾಗಲೆಲ್ಲ ಒಡೆದ ಸದ್ದು, ಎಷ್ಟೋ ಕಡೆ ಟೇಪಿನ ವೇಗವೇ ತಪ್ಪು. ವೇಗ ಸುಮಾರು 6 ಶೇಕಡಾ ಜಾಸ್ತಿಯಾದರೆ ಷಡ್ಜ ಅರ್ಧ ಸ್ವರ ಮೇಲೆ ಹೋಗುತ್ತದೆ, ಗಂಟಲು ತೆಳ್ಳಗಾಗುತ್ತದೆ, ಲಯ ಓಡುತ್ತದೆ. ಅದೇ ಗಾಯಕರ ಅದೇ ಕಾಲದ ಇನ್ನೊಂದು ರೆಕಾರ್ಡಿಂಗ್ ಹಾಕಿ ಷಡ್ಜ ಹೋಲಿಸಿದರೆ ಗೊತ್ತಾಗುತ್ತದೆ. ಮನೆಯಲ್ಲಿ ಆಗಲೇ ಇಂಥದ್ದಿದ್ದರೆ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ವೇಗ ತಿದ್ದಿಕೊಳ್ಳಬಹುದು. ಅದೇ ಪೆನ್‌ಡ್ರೈವ್‌ನಲ್ಲಿ ಫ್ಲ್ಯಾಕ್ (ಸದ್ದಿನಲ್ಲಿ ಏನೂ ಬಿಡದ ಬಗೆ) ಅಂತ ಹೆಸರಿಟ್ಟ ಫೈಲುಗಳೂ ಇದ್ದವು. ಸ್ಪೆಕ್ ಅನ್ನುವ ಪುಟ್ಟ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿದರೆ 16 ಕಿಲೋಹರ್ಟ್ಜ್ ಹತ್ತಿರ ಗೆರೆ ಎಳೆದಂತೆ ಎಲ್ಲ ಖಾಲಿ. 128 ಕೆಬಿಪಿಎಸ್‌ನ, ಅಂದರೆ ತುಂಬಾ ಹಿಂಡಿದ, ಎಂಪಿ3 ಫೈಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಗುರುತು ಅದು. ಆ ಫೈಲನ್ನು ಸುಮ್ನೆ ದೊಡ್ಡ ಡಬ್ಬಿಗೆ ತುಂಬಿಸಿ ಕೊಟ್ಟರೆ ಹೋದದ್ದು ತಿರುಗಿ ಬರುತ್ತದೆಯೇ? ಎಂಪಿ3ಯೇ ಬೇಕಿದ್ದರೆ 320ರದ್ದು ಕೇಳಿ ಪಡೆಯಿರಿ. ನನ್ನ ಕಿವಿಗೆ ಅದಕ್ಕೂ ಸಿಡಿಗೂ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸ್ಟ್ರೀಮಿಂಗ್ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಗ್ರಹ ದೊಡ್ಡದು, ಸದ್ದು ಪರವಾಗಿಲ್ಲ, ಆದರೆ ತಬಲಾ ಯಾರು ಅಂತ ಎಷ್ಟೋ ಆಲ್ಬಮ್‌ಗಳಲ್ಲಿ ಇರುವುದೇ ಇಲ್ಲ. ವಿಲಂಬಿತ, ದ್ರುತ ಎರಡು ಟ್ರ್ಯಾಕ್ ಆಗಿದ್ದರೆ ನಡುವೆ ತಂಬೂರಿ ತುಂಡಾಗದಂತೆ ಸೆಟ್ಟಿಂಗ್ಸ್‌ನಲ್ಲಿ ಗ್ಯಾಪ್‌ಲೆಸ್ ಆನ್ ಮಾಡಿ, ಸದ್ದನ್ನು ಸಮ ಮಾಡುವ ನಾರ್ಮಲೈಸೇಶನ್ ಆಫ್ ಮಾಡಿ. ಪುಣೆಯ ಕೊಥ್ರೂಡ್‌ನ ನಮ್ಮಂಥ ಫ್ಲ್ಯಾಟ್‌ನಲ್ಲಿ ದೊಡ್ಡ ಸ್ಪೀಕರ್ ಬೇಕಾಗಿಲ್ಲ. ಗೋಡೆಯಿಂದ ಒಂದಡಿಯಾದರೂ ಮುಂದೆ ಎಳೆದಿಟ್ಟ ಚಿಕ್ಕ ಜೋಡಿ ಸಾಕು. ಗೋಡೆಗೆ ಅಂಟಿಸಿಟ್ಟರೆ ಡಗ್ಗಾ ಉಬ್ಬಿ ತಂಬೂರಿಯನ್ನು ನುಂಗುತ್ತದೆ.