ಥಿನ್ ಕ್ಲೈಂಟ್‌ಗೆ ಪ್ರಿಂಟಿಂಗ್ ತಂತ್ರಾಂಶ ಕೊಳ್ಳುವ ಮುನ್ನ: ಡೆಮೊ ನಂಬಬೇಡಿ

ತಂತ್ರಾಂಶವನ್ನೆಲ್ಲ ಕೇಂದ್ರದ ಸರ್ವರ್‌ನಲ್ಲಿಟ್ಟು, ಶಾಖೆಗಳಲ್ಲಿ ಥಿನ್ ಕ್ಲೈಂಟ್‌ಗಳ (ಸರ್ವರ್‌ಗೆ ಸಂಪರ್ಕಿಸುವುದೇ ಮುಖ್ಯ ಕೆಲಸವಾದ ಪುಟ್ಟ ಕಂಪ್ಯೂಟರ್‌ಗಳ) ಮೂಲಕ ರಿಮೋಟ್ ಡೆಸ್ಕ್‌ಟಾಪ್, ಅಂದರೆ ಸರ್ವರ್‌ನ ಪರದೆಯನ್ನು ದೂರದಿಂದಲೇ, ಬಳಸುವ ಸಂಸ್ಥೆಗಳಲ್ಲಿ ಉಳಿದದ್ದೆಲ್ಲ ಸರಿಹೋದ ಮೇಲೂ ಪ್ರಿಂಟರ್ ಮಾತ್ರ ಹಟ ಹಿಡಿಯುತ್ತದೆ. ಈ ತಲೆನೋವಿಗೆ ಮದ್ದೆಂದು ನಮ್ಮ ಸಂಸ್ಥೆಗೆ ಒಂದು ಪ್ರಿಂಟಿಂಗ್ ತಂತ್ರಾಂಶವನ್ನು ಮಾರಲಾಯಿತು. ಪ್ರಿಂಟರ್ ಯಾವುದೇ ಇರಲಿ, ಸರ್ವರ್‌ನಲ್ಲಿ ಒಂದೇ ಡ್ರೈವರ್ (ಪ್ರಿಂಟರನ್ನು ನಡೆಸುವ ಪುಟ್ಟ ತಂತ್ರಾಂಶ) ಸಾಕು ಎಂಬುದು ಅದರ ಭರವಸೆಯಾಗಿತ್ತು. ಮಾರಿದವರ ಹೆಸರನ್ನು ಬರೆಯುವುದಿಲ್ಲ; ಇದೇ ಮಾತು ಹೇಳಿಕೊಂಡು ಬರುವವರು ಬೇರೆಯವರೂ ಇರುವುದರಿಂದ, ಹೆಸರಿಗಿಂತ ಲಕ್ಷಣಗಳನ್ನು ತಿಳಿದಿರುವುದೇ ಓದುಗರಿಗೆ ಹೆಚ್ಚು ಉಪಯುಕ್ತ.

ಡೆಮೊ ಸೊಗಸಾಗಿತ್ತು. ಅವರದೇ ವಿಂಡೋಸ್ ಲ್ಯಾಪ್‌ಟಾಪ್, ಪಕ್ಕದಲ್ಲೇ ಒಂದು ಲೇಸರ್ ಪ್ರಿಂಟರ್, ಒಂದು ಪುಟದ ಪತ್ರ. ಗುಂಡಿ ಒತ್ತಿದೊಡನೆ ಕಾಗದ ಹೊರಬಂತು. ಆದರೆ ವಿಂಡೋಸ್ ಸರ್ವರ್ 2008ರಲ್ಲಿ ಈಸಿ ಪ್ರಿಂಟ್ ಎಂಬ ಸೌಲಭ್ಯ ಬಂದಾಗಿನಿಂದ ಇಷ್ಟು ಕೆಲಸವನ್ನು ಸರ್ವರ್ ತಾನಾಗಿಯೇ ಮಾಡುತ್ತದೆ: ಸೆಷನ್‌ನಲ್ಲಿ (ಬಳಕೆದಾರರು ಲಾಗಿನ್ ಆಗಿ ಹೊರಬರುವವರೆಗಿನ ಸಂಪರ್ಕದಲ್ಲಿ) ಪುಟವನ್ನು ಎಕ್ಸ್‌ಪಿಎಸ್ ಎಂಬ ಕಡತ ರೂಪಕ್ಕೆ ತಂದು ಕಳುಹಿಸುತ್ತದೆ, ಅದನ್ನು ಬಳಕೆದಾರರ ಕಂಪ್ಯೂಟರಿನಲ್ಲಿರುವ ಡ್ರೈವರ್ ಮುದ್ರಿಸುತ್ತದೆ. ಅಂದರೆ ನಮಗೆ ತೋರಿಸಿದ್ದು ಪ್ರತ್ಯೇಕ ಹಣ ತೆರದೆಯೇ ಸಿಗುವ ಸೌಲಭ್ಯ. ನಿಜವಾದ ತೊಡಕು ಇರುವುದು ಲಿನಕ್ಸ್ ಆಧಾರಿತ ಥಿನ್ ಕ್ಲೈಂಟ್‌ಗಳಲ್ಲಿ. ಅಲ್ಲಿ ವಿಂಡೋಸ್ ಡ್ರೈವರ್ ಇರುವುದಿಲ್ಲ. ಎಷ್ಟೋ ಸಾಧನಗಳು ಸರ್ವರ್‌ನಿಂದ ಬಂದ ದತ್ತಾಂಶವನ್ನು ಹಾಗೆಯೇ ಪ್ರಿಂಟರಿಗೆ ದಾಟಿಸುತ್ತವೆ, ಅಷ್ಟೆ. ಆಗ ಸರ್ವರ್‌ನಲ್ಲಿ ಆ ಪ್ರಿಂಟರಿನದೇ ಡ್ರೈವರ್ ಇರಬೇಕು ಮತ್ತು ಥಿನ್ ಕ್ಲೈಂಟಿನ ಸೆಟ್ಟಿಂಗ್‌ನಲ್ಲಿ ಬರೆದ ಡ್ರೈವರ್ ಹೆಸರು ಸರ್ವರ್‌ನಲ್ಲಿರುವುದರೊಂದಿಗೆ ಅಕ್ಷರಶಃ ಹೊಂದಬೇಕು. ಒಂದು ಖಾಲಿ ಜಾಗ ವ್ಯತ್ಯಾಸವಾದರೂ ಸೆಷನ್‌ನಲ್ಲಿ ಪ್ರಿಂಟರ್ ಕಾಣಿಸುವುದೇ ಇಲ್ಲ.

ಈ ಗೋಜನ್ನೆಲ್ಲ ತಪ್ಪಿಸಲೆಂದೇ ಅವರ ತಂತ್ರಾಂಶವನ್ನು ಕೊಂಡದ್ದು. ಹಣ ಪಾವತಿಯಾದ ಮೇಲೆ ತಿಳಿದದ್ದೇನೆಂದರೆ, ಪ್ರತಿ ಥಿನ್ ಕ್ಲೈಂಟಿನಲ್ಲಿಯೂ ಅವರ ಒಂದು ಘಟಕವನ್ನು ಅಳವಡಿಸಬೇಕು, ಅದು ಕೆಲವೇ ಫರ್ಮ್‌ವೇರ್ (ಸಾಧನದೊಳಗಿನ ಮೂಲ ತಂತ್ರಾಂಶ) ಆವೃತ್ತಿಗಳಲ್ಲಿ ನಡೆಯುತ್ತದೆ ಮತ್ತು ನಮ್ಮಲ್ಲಿದ್ದ ಸಾಧನಗಳಲ್ಲಿ ಬಹುಪಾಲು ಆ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿದ್ದವುಗಳ ಪೈಕಿ ಕೆಲವು ವಿಂಡೋಸ್ ಎಂಬೆಡೆಡ್ ಮಾದರಿಗಳು ರೈಟ್ ಫಿಲ್ಟರ್ ಉಳ್ಳವು. ರೈಟ್ ಫಿಲ್ಟರ್ ಚಾಲೂ ಇದ್ದಾಗ ಡಿಸ್ಕಿಗೆ ಮಾಡಿದ ಬದಲಾವಣೆ ರೀಸ್ಟಾರ್ಟ್ ಆದೊಡನೆ ಅಳಿಸಿಹೋಗುತ್ತದೆ. ಅಳವಡಿಸಲು ಬಂದ ತಂತ್ರಜ್ಞರಿಗೆ ಈ ಸಂಗತಿಯೇ ಗೊತ್ತಿರಲಿಲ್ಲ. ಸಂಜೆ ಎಲ್ಲವನ್ನೂ ಕೂಡಿಸಿ ಹೋದರು, ಬೆಳಗ್ಗೆ ಸಿಬ್ಬಂದಿ ಯಂತ್ರ ಚಾಲೂ ಮಾಡಿದಾಗ ಪ್ರಿಂಟರ್ ಮಾಯವಾಗಿತ್ತು.

ಇದಕ್ಕಿಂತ ಹೆಚ್ಚು ಕಾಡಿದ್ದು ಪ್ರಿಂಟರಿನ ಹೆಸರು. ರಿಮೋಟ್ ಸೆಷನ್‌ಗೆ ಸೇರುವ ಪ್ರಿಂಟರಿನ ಹೆಸರಿನ ಕೊನೆಗೆ ಸೆಷನ್ ಸಂಖ್ಯೆ ಅಂಟಿಕೊಳ್ಳುವುದು ವಿಂಡೋಸ್‌ನ ರೂಢಿ. ಈ ತಂತ್ರಾಂಶವೂ ಹಾಗೆಯೇ ಮಾಡುತ್ತಿತ್ತು. ಇಂದು 3 ಎಂದಿದ್ದದ್ದು ಮರುದಿನ ಲಾಗಿನ್ ಆದಾಗ 7 ಆಗುತ್ತದೆ. ನಮ್ಮ ಬಿಲ್ಲಿಂಗ್ ತಂತ್ರಾಂಶವು ಯಾವ ದಾಖಲೆ ಯಾವ ಪ್ರಿಂಟರಿಗೆ ಎಂಬುದನ್ನು ಹೆಸರಿನಿಂದಲೇ ನೆನಪಿಡುತ್ತದೆ ಮತ್ತು ಹೆಸರು ಸಿಗದಿದ್ದರೆ ಏನನ್ನೂ ಕೇಳದೆ ಡೀಫಾಲ್ಟ್ ಪ್ರಿಂಟರಿಗೆ ಕಳುಹಿಸಿಬಿಡುತ್ತದೆ. ಆ ಡೀಫಾಲ್ಟ್ ಕೆಲವು ಕಡೆ ಲೇಬಲ್ ಪ್ರಿಂಟರ್ ಆಗಿದ್ದರಿಂದ, ಎ4 ಬಿಲ್ಲು ಚೂರುಚೂರಾಗಿ ಲೇಬಲ್ ರೋಲಿನ ಮೇಲೆ ಇಳಿಯುತ್ತಿತ್ತು: ಒಂದು ಲೇಬಲ್ಲಿನಲ್ಲಿ ವಿಳಾಸದ ಎಡತುದಿ, ಮುಂದಿನದರಲ್ಲಿ ಕೋಷ್ಟಕದ ಎರಡು ಗೆರೆ, ಆಮೇಲೆ ಸಾಲುಸಾಲು ಖಾಲಿ ಲೇಬಲ್‌ಗಳು. ಹೆಸರನ್ನು ಸ್ಥಿರವಾಗಿಡುವ ಆಯ್ಕೆ ಇದೆಯೇ ಎಂದು ಕೇಳಿದಾಗ, ಅದು ಮೇಲ್ದರ್ಜೆಯ ಆವೃತ್ತಿಯಲ್ಲಿ ಮಾತ್ರ ಇದೆ ಎಂಬ ಉತ್ತರ ಬಂತು.

ಲೇಬಲ್‌ಗಳ ಪಾಡೂ ಬೇರೆಯಾಗಿರಲಿಲ್ಲ. ಬಾರ್‌ಕೋಡ್ ಲೇಬಲ್ ಪ್ರಿಂಟರ್‌ಗಳಲ್ಲಿ ಹೆಚ್ಚಾಗಿ ಕಾಣುವ 203 ಡಿಪಿಐ (ಅಂಗುಲಕ್ಕೆ 203 ಚುಕ್ಕೆ) ಎಂದರೆ ಒಂದು ಮಿಲಿಮೀಟರಿಗೆ 8 ಚುಕ್ಕೆ. ಝಡ್‌ಪಿಎಲ್‌ನಂಥ ಪ್ರಿಂಟರ್ ಭಾಷೆಯಲ್ಲಿ ಆಜ್ಞೆ ನೇರವಾಗಿ ತಲುಪಿದರೆ ಪ್ರಿಂಟರ್ ತಾನೇ ಗೆರೆಗಳನ್ನು ಕರಾರುವಾಕ್ಕಾಗಿ ಎಳೆಯುತ್ತದೆ. ಈ ತಂತ್ರಾಂಶದ ಸಾರ್ವತ್ರಿಕ ಡ್ರೈವರ್ ಅದನ್ನು ಚಿತ್ರವಾಗಿ ಮಾರ್ಪಡಿಸಿ, ಅಳತೆ ಹಿಗ್ಗಿಸಿ ಕುಗ್ಗಿಸಿ ಕಳುಹಿಸಿದಾಗ, 2 ಚುಕ್ಕೆ ಅಗಲವಿರಬೇಕಾದ ಗೆರೆ ಒಂದೆಡೆ 2, ಇನ್ನೊಂದೆಡೆ 3 ಆಗುತ್ತದೆ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಸ್ಕ್ಯಾನರ್ ಮಾತ್ರ ಓದುವುದಿಲ್ಲ. ಗೋದಾಮಿನವರು ತಮ್ಮ ಸ್ಕ್ಯಾನರ್ ಕೆಟ್ಟಿದೆಯೆಂದೇ ಬಹಳ ಕಾಲ ದೂರುತ್ತಿದ್ದರು.

ಪುಟವನ್ನು ಚಿತ್ರವಾಗಿಸುವುದರ ಭಾರ ಸಂಪರ್ಕದ ಮೇಲೂ ಬೀಳುತ್ತದೆ. 600 ಡಿಪಿಐನಲ್ಲಿ ಒಂದು ಎ4 ಪುಟವೆಂದರೆ ಸುಮಾರು 3.5 ಕೋಟಿ ಚುಕ್ಕೆಗಳು; 24 ಬಿಟ್ ಬಣ್ಣದಲ್ಲಿ 100 ಎಂಬಿಗೂ ಮಿಗಿಲು. ಅದನ್ನು ಹತ್ತು ಪಟ್ಟು ಕುಗ್ಗಿಸಿದರೂ 2 ಎಂಬಿಪಿಎಸ್ ಸಂಪರ್ಕದಲ್ಲಿ ಒಂದು ಪುಟ ಸಾಗಲು 40 ಸೆಕೆಂಡ್ ಬೇಕು. ಪರದೆಯ ಚಿತ್ರವೂ ಪ್ರಿಂಟಿನ ದತ್ತಾಂಶವೂ ಒಂದೇ ಆರ್‌ಡಿಪಿ (ರಿಮೋಟ್ ಡೆಸ್ಕ್‌ಟಾಪ್) ಸಂಪರ್ಕದಲ್ಲಿ ಹರಿಯುವುದರಿಂದ, ಒಬ್ಬರು ದೊಡ್ಡ ವರದಿಯೊಂದನ್ನು ಮುದ್ರಿಸಲು ಕೊಟ್ಟರೆ ಅವರ ಪರದೆ ಹೆಪ್ಪುಗಟ್ಟುತ್ತಿತ್ತು, ಅದೇ ಲೈನಿನಲ್ಲಿದ್ದ ಶಾಖೆಯ ಉಳಿದವರ ಟೈಪಿಂಗ್ ಕೂಡ ತಡವರಿಸುತ್ತಿತ್ತು. ಬ್ಯಾಂಡ್‌ವಿಡ್ತ್ ಮಿತಿ ಹಾಕುವ ಸೌಲಭ್ಯ ತಂತ್ರಾಂಶದಲ್ಲಿ ಇತ್ತು. ಮಿತಿ ಹಾಕಿದರೆ ವರದಿ ಬರಲು ಅರ್ಧ ಮಧ್ಯಾಹ್ನ ಕಾಯಬೇಕಿತ್ತು.

ಇಷ್ಟನ್ನೂ ಸಹಿಸಬಹುದಿತ್ತೇನೋ. ಸಹಿಸಲಾಗದ್ದು ಅವರ ಸಹಾಯ ವಿಭಾಗ ಕೊಟ್ಟ ಒಂದು ಸಲಹೆ. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ಲೋಪ ವಿಂಡೋಸ್ ಸ್ಪೂಲರ್‌ನಲ್ಲಿ (ಮುದ್ರಣದ ಸರದಿ ನೋಡಿಕೊಳ್ಳುವ ಭಾಗದಲ್ಲಿ) ಬಯಲಾದ ಬಳಿಕ, ಅದೇ ವರ್ಷದ ಆಗಸ್ಟ್‌ನ ಅಪ್‌ಡೇಟ್ ಮೂಲಕ ಮೈಕ್ರೋಸಾಫ್ಟ್ ಪ್ರಿಂಟರ್ ಡ್ರೈವರ್ ಅಳವಡಿಸುವ ಅಧಿಕಾರವನ್ನು ಅಡ್ಮಿನಿಸ್ಟ್ರೇಟರ್‌ಗಳಿಗೆ ಮಾತ್ರ ಸೀಮಿತಗೊಳಿಸಿತು. ತಮ್ಮ ಘಟಕ ಆ ನಿರ್ಬಂಧದಲ್ಲಿ ಓಡುತ್ತಿಲ್ಲವಾದ್ದರಿಂದ ವಿಂಡೋಸ್‌ನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಆ ನಿರ್ಬಂಧವನ್ನೇ ತೆಗೆದುಹಾಕಿ ಎಂದು ಅವರು ಇಮೇಲಿನಲ್ಲಿ ಬರೆದರು. ಎಲ್ಲ ಬಳಕೆದಾರರೂ ಲಾಗಿನ್ ಆಗುವ ಸರ್ವರ್‌ನಲ್ಲಿ ಇದನ್ನು ಮಾಡುವುದೆಂದರೆ ಮುಂಬಾಗಿಲಿನ ಚಿಲಕ ಕಿತ್ತಿಟ್ಟಂತೆ. ನಾವು ಒಪ್ಪಲಿಲ್ಲ. ಇಂಥ ಸಲಹೆ ಯಾರಿಂದ ಬಂದರೂ ಆ ತಂತ್ರಾಂಶವನ್ನು ಅಲ್ಲಿಗೇ ಕೈಬಿಡಬೇಕೆಂದೇ ನನ್ನ ಅಭಿಪ್ರಾಯ.

ಪರವಾನಗಿಯ ವಿಷಯದಲ್ಲಿ ಒಂದೇ ಮಾತು: ಲೆಕ್ಕ ಬಳಕೆದಾರರದೋ, ಏಕಕಾಲದ ಸೆಷನ್‌ಗಳದೋ, ಪ್ರಿಂಟರ್‌ಗಳದೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮುದ್ರಣ ಪೂರ್ತಿಯಾಗಿ ಮಾರಾಟಗಾರರ ಕ್ಲೌಡ್ ಮೂಲಕವೇ ಸಾಗುವುದಾದರೆ, ಆ ಸೇವೆ ನಿಂತ ದಿನ ಏನು ಮಾಡುವುದೆಂದೂ ಕೇಳಿ; ಗೂಗಲ್ ಕ್ಲೌಡ್ ಪ್ರಿಂಟ್‌ನಂಥ ದೊಡ್ಡ ಸೇವೆಯೇ 2020ರ ಕೊನೆಗೆ ಮುಚ್ಚಿಹೋಯಿತು.

ಹಾಗಾದರೆ ಏನು ಕೊಳ್ಳಬೇಕು ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಎಲ್ಲರ ಬಳಿಯೂ ವಿಂಡೋಸ್ ಕಂಪ್ಯೂಟರ್ ಇದ್ದು ಎ4 ಕಾಗದವಷ್ಟೇ ಸಾಕಾದರೆ ಈಸಿ ಪ್ರಿಂಟ್ ಅನ್ನೇ ಮೊದಲು ಪರೀಕ್ಷಿಸುವುದು ಒಳ್ಳೆಯದು. ಶಾಖೆಗೆ ವಿಪಿಎನ್ (ಕೇಂದ್ರದೊಂದಿಗೆ ಸುರಕ್ಷಿತ ಖಾಸಗಿ ಸಂಪರ್ಕ) ಇದ್ದು ಪ್ರಿಂಟರ್ ನೆಟ್‌ವರ್ಕ್‌ನಲ್ಲಿದ್ದರೆ ಸರ್ವರ್‌ನಿಂದ ನೇರವಾಗಿ ಅದರ ಐಪಿ ವಿಳಾಸಕ್ಕೆ ಕಳುಹಿಸಬಹುದು. ಹೆಸರು ಬದಲಾಗುವ ತಂಟೆ ಇಲ್ಲ, ಲೇಬಲ್ ಆಜ್ಞೆಗಳೂ ಕೆಡದೆ ತಲುಪುತ್ತವೆ. ನಮ್ಮ ಲೇಬಲ್ ಪ್ರಿಂಟರ್‌ಗಳು ಈಗ ನಡೆಯುತ್ತಿರುವುದು ಹೀಗೆಯೇ. ಇವೆರಡೂ ಆಗದೆ ಕೊಳ್ಳಲೇಬೇಕಾದಾಗ, ಮಾರಾಟಗಾರರ ಲ್ಯಾಪ್‌ಟಾಪನ್ನು ಬದಿಗಿರಿಸಿ ನಿಮ್ಮ ಅತ್ಯಂತ ಹಳೆಯ ಥಿನ್ ಕ್ಲೈಂಟಿನಲ್ಲಿ, ಅತ್ಯಂತ ನಿಧಾನದ ಶಾಖೆಯಲ್ಲಿ, ನಿಮ್ಮದೇ ಲೇಬಲ್ ಮತ್ತು ದೊಡ್ಡ ವರದಿಯನ್ನು ಮುದ್ರಿಸಿ ತೋರಿಸಲು ಹೇಳಿ; ಯಂತ್ರವನ್ನು ರೀಸ್ಟಾರ್ಟ್ ಮಾಡಿಸಿ ಇನ್ನೊಮ್ಮೆ ಮುದ್ರಿಸಲು ಹೇಳಿ.

ಪ್ರಯೋಗ ಶುರುಮಾಡುವ ಮುನ್ನ ಸರ್ವರ್‌ನ ಸ್ನ್ಯಾಪ್‌ಶಾಟ್ (ಬೇಕೆಂದಾಗ ಮರಳಬಹುದಾದ, ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದಿಟ್ಟುಕೊಳ್ಳಿ. ನಾವು ಆ ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಅದರ ಪೋರ್ಟ್‌ಗಳು ಮತ್ತು ಡ್ರೈವರ್ ಕಡತಗಳು ಸರ್ವರ್‌ನಲ್ಲಿಯೇ ಉಳಿದು, ಸ್ಪೂಲರ್ ಆಗಾಗ ನಿಂತುಹೋಗುತ್ತಿತ್ತು. ಅವುಗಳನ್ನು ಒಂದೊಂದಾಗಿ ಕೈಯಿಂದಲೇ ಅಳಿಸಬೇಕಾಯಿತು.