ನೇತ್ರಾಣಿ ಪ್ಯಾಕೇಜ್ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಚಳಿಗಾಲ ಬಂತೆಂದರೆ ಹುಬ್ಬಳ್ಳಿಯ ಟ್ರಾವೆಲ್ಸ್ ಅಂಗಡಿಗಳ ಮುಂದೆ ನೇತ್ರಾಣಿಯ ಬ್ಯಾನರ್ ಏಳುತ್ತದೆ. ರಾತ್ರಿ ಹೊರಟು ಮರುದಿನ ರಾತ್ರಿ ಮನೆಗೆ, ಊಟ-ತಿಂಡಿ ಸೇರಿ ಸ್ನಾರ್ಕೆಲಿಂಗ್, ಅಂದರೆ ಕಣ್ಣು-ಮೂಗು ಮುಚ್ಚುವ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿ, ಸಮುದ್ರದ ಮೇಲೆ ತೇಲುತ್ತಾ ಒಳಗಿನ ಮೀನು ನೋಡೋದು. "ಈಜು ಬರಲಿಲ್ಲಂದ್ರೂ ನಡೀತದ್ರಿ ಸರ್, ಏನೂ ಚಿಂತಿ ಮಾಡಬ್ಯಾಡ್ರಿ" ಅಂದ ಅಂಗಡಿಯವನ ಜೊತೆ ಮನೆಮಂದಿಯೆಲ್ಲ ಹೋಗಿ ಬಂದೆವು. ಅವನ ಹೆಸರು ಇಲ್ಲಿ ಬೇಡ.

ನೇತ್ರಾಣಿಯದೇನೂ ತಪ್ಪಿಲ್ಲ. ಮುರ್ಡೇಶ್ವರದಿಂದ ಸಮುದ್ರದಲ್ಲಿ ಸುಮಾರು 19 ಕಿ.ಮೀ. ಒಳಗಿರುವ ಪುಟ್ಟ ದ್ವೀಪ ಅದು. ಸುತ್ತ ಬಂಡೆ, ಬಂಡೆಗಳ ಮೇಲೆ ಹವಳ, ಅದನ್ನು ಕೆರೆದು ತಿನ್ನುವ ಪ್ಯಾರಟ್ ಫಿಶ್, ಜೋಡಿಯಾಗಿ ಓಡಾಡುವ ಬಟರ್‌ಫ್ಲೈ ಫಿಶ್. ನೋಡಲೇಬೇಕು. ಆದರೆ ಯಾರ ಜೊತೆ ಅನ್ನೋದೇ ಪ್ರಶ್ನೆ.

ಅರಬೈಲ್ ಘಾಟಿನ ತಿರುವುಗಳಲ್ಲಿ ರಾತ್ರಿಯಿಡೀ ನಿದ್ದೆ ಇಲ್ಲ. ಬೆಳಿಗ್ಗೆ ಹೊಟ್ಟೆ ತುಂಬಾ ವಡೆ ತಿನ್ನಿಸಿ ಸೀದಾ ದೋಣಿ ಹತ್ತಿಸಿದರು. ಅರ್ಧ ಜನ ವಾಂತಿ. ವಾಂತಿ ಮಾತ್ರೆಯನ್ನು ದೋಣಿ ಹತ್ತುವ ಮುಂಚೆಯೇ ನುಂಗಬೇಕು ಅಂತ ಹೇಳುವವರು ಒಬ್ಬರೂ ಇರಲಿಲ್ಲ.

ದ್ವೀಪದ ಹತ್ತಿರ ದೋಣಿ ನಿಂತಾಗ ಒಂದು ಚೀಲ ಬೋರಲು ಹಾಕಿದರು. ಅದರಿಂದ ಬಿದ್ದ ಮಾಸ್ಕುಗಳನ್ನು ಸಿಕ್ಕವರಿಗೆ ಸಿಕ್ಕಷ್ಟು ಅಂತ ಹಂಚಿದರು. ನನ್ನದು ಮೀಸೆಯ ಹತ್ತಿರ ನೀರು ಬಿಡುತ್ತಿತ್ತು. ಮಾಸ್ಕಿನ ಅಂಚು ಚರ್ಮಕ್ಕೆ ಕೂರಬೇಕು, ಕೂದಲಿದ್ದರೆ ಕೂರೋದಿಲ್ಲ. ಮೀಸೆಗೆ ಸ್ವಲ್ಪ ವ್ಯಾಸಲಿನ್ ಹಚ್ಚಿದರೆ ಎಷ್ಟೋ ವಾಸಿ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಒಳಗೆಳೆದುಕೊಳ್ಳಿ. ಕೈ ಬಿಟ್ಟರೂ ಬೀಳದಿದ್ದರೆ ಅದು ನಿಮ್ಮ ಮುಖಕ್ಕೆ ಸರಿ. ಅಕ್ಕನ ಮಗಳ ಲೈಫ್ ಜಾಕೆಟ್‌ನ ಬಕಲ್ ಮುರಿದಿತ್ತು. ಅದಕ್ಕೊಂದು ನೈಲಾನ್ ದಾರ! ನೀರಿಗಿಳಿದ ಕೂಡಲೇ ಜಾಕೆಟ್ ಮೇಲೆದ್ದು ಅವಳ ಕಿವಿ ಮುಚ್ಚಿತು.

ಇಪ್ಪತ್ತಕ್ಕೂ ಜಾಸ್ತಿ ಜನರಿಗೆ ನೀರಿನಲ್ಲಿ ಒಬ್ಬನೇ ಗೈಡ್. ಅವನೂ ನಮ್ಮನ್ನು ನೋಡಿಕೊಳ್ಳುವುದು ಬಿಟ್ಟು ವಿಡಿಯೋಗೆ ಸರಕು ಹುಡುಕುತ್ತಿದ್ದ. ಒಮ್ಮೆ ಮುಳುಗಿ ಪಫರ್ ಮೀನೊಂದನ್ನು ಹಿಡಿದು ತಂದ. ಅಂಗೈಯಲ್ಲಿ ಅದುಮಿದ. ಅದು ಚೆಂಡಿನಂತೆ ಊದಿಕೊಂಡಿತು. ಮೈಮೇಲಿನ ಸಣ್ಣ ಮುಳ್ಳುಗಳೆಲ್ಲ ನೆಟ್ಟಗಾದವು, ಬಾಯಿ ಟಕ್ ಟಕ್ ಅನ್ನುತ್ತಿತ್ತು. ಎಲ್ಲರೂ ನಕ್ಕು ಕೈಯಿಂದ ಕೈಗೆ ದಾಟಿಸಿದರು. ಆ ಮೀನು ಊದಿಕೊಳ್ಳುವುದು ಜೀವಭಯದಿಂದ. ನೀರಿನ ಹೊರಗೆ ಹಿಡಿದರೆ ಗಾಳಿ ನುಂಗುತ್ತದೆ, ಕೆಲವು ಸಲ ಆ ಗಾಳಿ ಹೊರಗೆ ಹೋಗದೆ ಸತ್ತೇ ಹೋಗುತ್ತದೆ. ಕೊಕ್ಕಿನಂಥ ಹಲ್ಲು ಬೇರೆ. ಬೆರಳು ಸಿಕ್ಕರೆ ಬಿಡೋದಿಲ್ಲ.

ಆಮೇಲೆ ಒಂದು ಹವಳದ ತುಂಡು ಮುರಿದು ಮಗುವಿನ ಕೈಗೆ ಕೊಟ್ಟ. "ಶೋಕೇಸಲ್ಲಿ ಇಡು ಪುಟ್ಟಿ." ಅಕ್ಕ ತಕ್ಷಣ ಅದನ್ನು ನೀರಿಗೆ ಹಾಕಿಸಿದಳು, ಒಳ್ಳೆಯದೇ ಆಯಿತು. 2001ರಿಂದ ಹವಳಗಳು ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಶೆಡ್ಯೂಲ್‌ನಲ್ಲಿವೆ. ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ ಜೈಲು. ಕಿತ್ತವನು ಗೈಡ್, ಆದರೆ ಸಿಕ್ಕಿಬೀಳುವುದು ನಿಮ್ಮ ಬ್ಯಾಗಿನಲ್ಲಿ ಅಲ್ವಾ?

ಮಾಮಾ ದಣಿದು ಸಾಕು ಅಂದಾಗ ಗೈಡ್ ಬಂಡೆ ತೋರಿಸಿ "ಅಲ್ಲೇ ನಿಂತ್ಕೊಳ್ಳಿ, ಎಂತ ಆಗೂದಿಲ್ಲ" ಅಂದ. ಬಂಡೆಯ ಸಂದಿಯಲ್ಲಿ ಸೀ ಅರ್ಚಿನ್ ಇತ್ತು, ಉದ್ದ ಕಪ್ಪು ಮುಳ್ಳಿನ ಉಂಡೆಯಂಥ ಜೀವಿ. ಮುಳ್ಳುಗಳು ಹಿಮ್ಮಡಿಯೊಳಗೇ ಮುರಿದವು. ದೋಣಿಯಲ್ಲಿ ಒಂದು ಚಿಮಟವೂ ಇರಲಿಲ್ಲ. ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕಾಲು ಇಟ್ಟರೆ ನೋವು ಇಳಿಯುತ್ತದೆ, ಆಳಕ್ಕೆ ಹೋದ ಮುಳ್ಳನ್ನು ಮನೆಯಲ್ಲಿ ಕೆದಕಬೇಡಿ ಅಂದರು ಹುಬ್ಬಳ್ಳಿಯ ಡಾಕ್ಟರ್. ಮಾಮಾ ಅಲ್ಲಿವರೆಗೂ ಟೆಂಪೋದ ಸೀಟಿನ ಮೇಲೆ ಕಾಲು ಚಾಚಿಕೊಂಡೇ ಬಂದರು.

ಹೋಗುವವರು ಅಂಗಡಿಯಲ್ಲೇ ಕೇಳಿ: ದೋಣಿ ಯಾರದು, ನೀರಿನಲ್ಲಿ ಎಷ್ಟು ಜನಕ್ಕೆ ಒಬ್ಬ ಗೈಡ್, ಮಕ್ಕಳ ಅಳತೆಯ ಜಾಕೆಟ್ ಇದೆಯಾ. ಇದಕ್ಕೆ "ಎಲ್ಲಾ ಅಲ್ಲೇ ನೋಡ್ಕೋತಾರ" ಅನ್ನೋ ಉತ್ತರ ಬಂದರೆ ಎದ್ದು ಬನ್ನಿ. ಮುರ್ಡೇಶ್ವರದ ಡೈವಿಂಗ್ ಕೇಂದ್ರಗಳಿಗೆ ನೇರವಾಗಿ ಫೋನ್ ಮಾಡಿ ವಿಚಾರಿಸುವುದು ಮೇಲು. ಮಳೆಗಾಲದಲ್ಲೂ ಕರೆದೊಯ್ಯುತ್ತೇವೆ ಅನ್ನುವವನನ್ನಂತೂ ನಂಬಲೇಬೇಡಿ.

ದುಡ್ಡು ವಾಪಸ್ ಕೇಳಿದರೆ ಅಂಗಡಿಯವನು ರಸೀದಿ ತೋರಿಸಿದ. ಅದರಲ್ಲಿ ಬರೀ 'ಮುರ್ಡೇಶ್ವರ ಟೂರ್' ಅಂತಿದೆ, ಸ್ನಾರ್ಕೆಲಿಂಗ್ ಅನ್ನೋ ಪದವೇ ಇಲ್ಲ. ನೀವು ಅದನ್ನು ಬರೆಸಿಕೊಳ್ಳಿ. ಗ್ರಾಹಕರ ಸಹಾಯವಾಣಿ 1915ಕ್ಕೆ ನಾನಂತೂ ದೂರು ಕೊಟ್ಟಾಗಿದೆ.