ಕೊಳ್ಳುವವರ ಏಜೆಂಟ್ ಸೇವೆ: ಹಳೆಯ ನಿಯಮದಲ್ಲೊಂದು ಮನೆ, ಹೊಸ ನಿಯಮದಲ್ಲೊಂದು ಮನೆ

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಳ್ಳುವವರ ಪರವಾಗಿ ಕೆಲಸ ಮಾಡುವ ಏಜೆಂಟರ ಸೇವೆಯನ್ನು ನಾವು ಎರಡು ಸಲ ಪಡೆದಿದ್ದೇವೆ. 2015ರಲ್ಲಿ ಫ್ರೀಮಾಂಟ್‌ನಲ್ಲಿ ಕಾಂಡೊ (ಫ್ಲ್ಯಾಟ್) ಕೊಂಡಾಗ ಒಮ್ಮೆ, 2025ರಲ್ಲಿ ಸ್ಯಾಕ್ರಮೆಂಟೊ ಸಮೀಪದ ಫಾಲ್ಸಮ್‌ನಲ್ಲಿ ಮನೆ ಕೊಂಡಾಗ ಇನ್ನೊಮ್ಮೆ. ಈ ಏಜೆಂಟರಿಗೆ ಹಣ ಹೇಗೆ ಸಲ್ಲಬೇಕೆಂಬ ನಿಯಮ 2024ರ ಆಗಸ್ಟ್ 17ರಂದು ಅಮೆರಿಕದಾದ್ಯಂತ ಬದಲಾಯಿತು. ಹೊಸ ಮನೆ ಕೊಂಡ ವರ್ಷವೇ ಹಳೆಯ ಕಾಂಡೊವನ್ನು ಮಾರಿದ್ದರಿಂದ, ಆ ಬದಲಾವಣೆಯನ್ನು ಮಾರುವವರ ಕಡೆಯಲ್ಲಿ ಕುಳಿತು ನೋಡುವ ಅವಕಾಶವೂ ಸಿಕ್ಕಿತು. ನನ್ನ ಅಂಕಗಳನ್ನು ಮೊದಲೇ ಹೇಳಿಬಿಡುತ್ತೇನೆ: ಕರಾರನ್ನು ಓದಿ, ಚೌಕಾಸಿ ಮಾಡಿ ಸಹಿ ಹಾಕುವವರಿಗೆ ಈ ಸೇವೆ ಈಗ ಐದಕ್ಕೆ ನಾಲ್ಕು, ಏಜೆಂಟರು ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕುವವರಿಗೆ ಎರಡು. ಶುಲ್ಕ ಹೇಳಿಕೊಳ್ಳುವಷ್ಟು ಇಳಿದಿಲ್ಲ. ಆದರೆ ಶುಲ್ಕದ ಮಾತು ಮೊದಲ ಮನೆಯ ಬಾಗಿಲು ತೆರೆಯುವುದಕ್ಕೂ ಮುಂಚೆ ಬರುವಂತಾಗಿದೆ, ನಾಲ್ಕು ಅಂಕ ಕೊಟ್ಟಿರುವುದು ಆ ಕಾರಣಕ್ಕೆ.

ಹಳೆಯ ಪದ್ಧತಿಯಲ್ಲಿ ಮನೆ ಮಾರುವವರು ತಮ್ಮ ಏಜೆಂಟರಿಗೆ ಮಾರಾಟದ ಬೆಲೆಯ ಶೇ. 5ರಿಂದ 6ರಷ್ಟು ಕಮಿಷನ್ ಒಪ್ಪಿಕೊಳ್ಳುತ್ತಿದ್ದರು, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಕೊಳ್ಳುವವರ ಏಜೆಂಟರಿಗೆ ಹೋಗುತ್ತಿತ್ತು. ಆ ಪಾಲು ಎಷ್ಟೆಂಬುದನ್ನು ಏಜೆಂಟರೆಲ್ಲ ಹಂಚಿಕೊಳ್ಳುವ ಮನೆಪಟ್ಟಿಯಾದ ಎಂಎಲ್‌ಎಸ್‌ನಲ್ಲಿ ಮೊದಲೇ ನಮೂದಿಸಲಾಗುತ್ತಿತ್ತು. 2015ರಲ್ಲಿ ನಮ್ಮ ಏಜೆಂಟರು ಮೊದಲ ಭೇಟಿಯಲ್ಲೇ ‘ನನ್ನ ಸೇವೆ ನಿಮಗೆ ಪೂರ್ತಿ ಉಚಿತ’ ಎಂದಿದ್ದರು, ಅವರಿಗೆ ಎಷ್ಟು ಸಲ್ಲುತ್ತದೆಂಬುದು ಕೀಲಿಕೈ ಕೈಗೆ ಬರುವವರೆಗೂ ನಮ್ಮ ನಡುವೆ ಚರ್ಚೆಯ ವಿಷಯವೇ ಆಗಲಿಲ್ಲ. ಊರಿನಿಂದ ನಮ್ಮ ಮಾವನವರು ಫೋನ್ ಮಾಡಿ ಬ್ರೋಕರೇಜ್ ಎಷ್ಟಾಯಿತೆಂದು ಕೇಳಿದಾಗ, ಇಲ್ಲಿ ಅದನ್ನು ಮಾರುವವರೇ ಕೊಡುತ್ತಾರೆಂದು ನಾನು ವಿವರಿಸಿದೆ. ಅವರು ‘ಮಾರುವವರು ಯಾರ ದುಡ್ಡಿನಿಂದ ಕೊಡ್ತಾರಪ್ಪ?’ ಎಂದು ಕೇಳಿ ಸುಮ್ಮನಾದರು. ಬೆಂಗಳೂರಿನಲ್ಲಿ ಸೈಟು ವ್ಯವಹಾರ ನೋಡಿದವರಿಗೆ ಈ ಪ್ರಶ್ನೆ ಸಹಜ. ಅಲ್ಲಿ ಬ್ರೋಕರ್ ಕೊಳ್ಳುವವರಿಂದಲೂ ಮಾರುವವರಿಂದಲೂ ನೂರಕ್ಕೆ ಒಂದೋ ಎರಡೋ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿ ಪಡೆಯುವುದು ರೂಢಿ. ಒಬ್ಬನೇ ಎರಡೂ ಕಡೆ ನಿಲ್ಲುವುದು ಆ ಪದ್ಧತಿಯ ದೋಷವಿರಬಹುದು, ಆದರೂ ಮೊತ್ತವಂತೂ ಗುಟ್ಟಾಗಿರುವುದಿಲ್ಲ.

ಈ ಪದ್ಧತಿಯನ್ನು ಬದಲಿಸಿದ ದಾವೆ ಹೂಡಿದವರು ಕೊಂಡವರಲ್ಲ, ಮಾರಿದವರು. ಎದುರು ಪಕ್ಷದ ಏಜೆಂಟರಿಗೂ ತಾವೇ ಹಣ ತೆರುವಂತೆ ನಿಯಮಗಳು ಕಟ್ಟಿಹಾಕಿವೆ ಎಂಬುದು ಅವರ ವಾದವಾಗಿತ್ತು. ಮಿಸೌರಿಯ ಮನೆ ಮಾರಾಟಗಾರರು ಹೂಡಿದ್ದ ಆ ದಾವೆಯಲ್ಲಿ ಕಾನ್ಸಾಸ್ ಸಿಟಿಯ ಫೆಡರಲ್ ಜ್ಯೂರಿ 2023ರ ಅಕ್ಟೋಬರ್ 31ರಂದು ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಎಂಬ ಏಜೆಂಟರ ರಾಷ್ಟ್ರೀಯ ಸಂಘ ಮತ್ತು ಕೆಲವು ದೊಡ್ಡ ಬ್ರೋಕರೇಜ್ ಕಂಪನಿಗಳ ವಿರುದ್ಧ ಸುಮಾರು 178 ಕೋಟಿ ಡಾಲರ್ ಪರಿಹಾರದ ತೀರ್ಪು ಕೊಟ್ಟಿತು. 2024ರ ಮಾರ್ಚ್ 15ರಂದು ಅಸೋಸಿಯೇಷನ್ 41.8 ಕೋಟಿ ಡಾಲರ್ ಕೊಟ್ಟು ನಿಯಮಗಳನ್ನೂ ಬದಲಿಸುವ ರಾಜಿಯನ್ನು ಪ್ರಕಟಿಸಿತು, ನವೆಂಬರ್ 26ರಂದು ನ್ಯಾಯಾಲಯ ಅದಕ್ಕೆ ಅಂತಿಮ ಒಪ್ಪಿಗೆ ನೀಡಿತು. ಈ ರಾಜಿಯ ಹಣ ಸೇರುವುದು ಮನೆ ಮಾರಿದವರಿಗೆ. ಕೊಳ್ಳುವವರ ಪಾಲಿಗೆ ಬಂದದ್ದು ಬದಲಾದ ನಿಯಮಗಳು ಮಾತ್ರ.

ಆ ನಿಯಮಗಳ ಪ್ರಕಾರ, ಕೊಳ್ಳುವವರ ಏಜೆಂಟರಿಗೆ ಇಷ್ಟು ಕೊಡುತ್ತೇವೆಂಬ ಕೊಡುಗೆಯನ್ನು ಎಂಎಲ್‌ಎಸ್‌ನಲ್ಲಿ ಹಾಕುವಂತಿಲ್ಲ. ಮನೆ ತೋರಿಸಲು ಕರೆದೊಯ್ಯುವ ಮುನ್ನ ಏಜೆಂಟರು ಕೊಳ್ಳುವವರೊಂದಿಗೆ ಲಿಖಿತ ಕರಾರು ಮಾಡಿಕೊಳ್ಳಬೇಕು, ಅದರಲ್ಲಿ ಶುಲ್ಕ ಖಚಿತವಾಗಿರಬೇಕು. ಶೇಕಡಾವಾರು, ಇಡಿಗಂಟು, ಗಂಟೆಯ ಲೆಕ್ಕ ಯಾವುದಾದರೂ ಸರಿ, ‘2ರಿಂದ 3ರವರೆಗೆ’ ಎಂದಾಗಲಿ ‘ಮಾರುವವರು ಕೊಟ್ಟಷ್ಟು’ ಎಂದಾಗಲಿ ಬರೆಯುವಂತಿಲ್ಲ. ಕರಾರಿನಲ್ಲಿ ಬರೆದದ್ದಕ್ಕಿಂತ ಹೆಚ್ಚಿನ ಹಣವನ್ನು ಏಜೆಂಟರು ಯಾವ ಮೂಲದಿಂದಲೂ ಪಡೆಯುವಂತಿಲ್ಲ, ಮತ್ತು ಕಮಿಷನ್ ದರವನ್ನು ಕಾನೂನು ನಿಗದಿ ಮಾಡಿಲ್ಲ, ಅದು ಮಾತುಕತೆಗೆ ಬಿಟ್ಟದ್ದು ಎಂಬ ಸಾಲು ಎದ್ದು ಕಾಣುವಂತೆ ಇರಬೇಕು. ಯಾರು ಬೇಕಾದರೂ ಬಂದು ನೋಡಲೆಂದು ಮನೆ ತೆರೆದಿಡುವ ಓಪನ್ ಹೌಸ್‌ಗೆ ನೀವಾಗಿಯೇ ಹೋಗಿ ಮನೆ ನೋಡಿ ಬರುವುದಕ್ಕೆ ಕರಾರು ಬೇಕಿಲ್ಲ. ಆರಂಭದ ವಾರಾಂತ್ಯಗಳಲ್ಲಿ ನಾವು ಹೀಗೆಯೇ ಊರಿನ ಪರಿಚಯ ಮಾಡಿಕೊಂಡೆವು, ಹೊಸಬರಿಗೂ ಅದನ್ನೇ ಹೇಳುತ್ತೇನೆ.

ಹೊಸ ನಿಯಮ ಬಂದು ತಿಂಗಳುಗಳೇ ಕಳೆದಿದ್ದರೂ, ನಾವು ಮಾತನಾಡಿಸಿದ ಏಜೆಂಟರಲ್ಲಿ ಒಬ್ಬರು ‘ಅದೆಲ್ಲ ಫಾರ್ಮಾಲಿಟಿ, ಹೇಗೂ ಮಾರುವವರೇ ಕೊಡುತ್ತಾರೆ’ ಎಂದು ಹೇಳಿ ಫೋನಿನಲ್ಲೇ ಸಹಿ ಮಾಡಲು ಕರಾರಿನ ಕೊಂಡಿ ಕಳಿಸಿದರು. ತೆರೆದು ನೋಡಿದರೆ ಶೇ. 3 ಶುಲ್ಕ, ಏಜೆಂಟರಾಗಿ ಅವರೊಬ್ಬರೇ ಎಂಬ ಷರತ್ತು, ವ್ಯಾಪ್ತಿಯ ಜಾಗದಲ್ಲಿ ಇಡೀ ಕ್ಯಾಲಿಫೋರ್ನಿಯಾ. ಮಾರುವವರು ಕೊಡದಿದ್ದರೆ ಆ ಶೇ. 3 ನಮ್ಮ ತಲೆಯ ಮೇಲೆ ಬರುತ್ತದೆಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಕರಾರು ಮಾತ್ರ ಸ್ಪಷ್ಟವಾಗಿ ಹೇಳಿತ್ತು. ಹಳೆಯ ಪದ್ಧತಿಯಲ್ಲಿ ಇಂಥವರ ಸ್ವಭಾವ ತಿಳಿಯುವ ಹೊತ್ತಿಗೆ ಅರ್ಧ ವ್ಯವಹಾರ ಮುಗಿದಿರುತ್ತಿತ್ತು.

ಕೊನೆಗೆ ನಾವು ಗೊತ್ತುಮಾಡಿಕೊಂಡ ಏಜೆಂಟರು ಶೇ. 2.5 ಕೇಳಿದರು. ಊರು ನಮಗಾಗಲೇ ಪರಿಚಿತ, ಸಾಲದ ಪೂರ್ವಾನುಮತಿ ಕೈಯಲ್ಲಿದೆ, ಕರೆದುಕೊಂಡು ತಿರುಗಾಡಿಸುವ ಕೆಲಸ ಕಡಿಮೆ ಎಂದು ವಾದಿಸಿದ ಮೇಲೆ ಶೇ. 2ಕ್ಕೆ ಒಪ್ಪಿದರು. ಅದಕ್ಕಿಂತ ಹೆಚ್ಚು ಬೆಲೆಬಾಳುವ ಬದಲಾವಣೆಗಳು ಶುಲ್ಕದ ಸಾಲಿನ ಹೊರಗಿದ್ದವು. ಕರಾರಿನ ವ್ಯಾಪ್ತಿಯನ್ನು ಫಾಲ್ಸಮ್ ಮತ್ತು ಎಲ್ ಡೊರಾಡೊ ಹಿಲ್ಸ್‌ಗೆ ಸೀಮಿತಗೊಳಿಸಿದೆವು. ಬಿಲ್ಡರಿಂದ ನೇರವಾಗಿ ಹೊಸ ಮನೆ ಕೊಂಡರೆ ಶುಲ್ಕವಿಲ್ಲ ಎಂದು ಸೇರಿಸಿದೆವು. ಅವಧಿಯ ವಿಷಯದಲ್ಲಿ ಕಾನೂನೇ ನಮ್ಮ ಪರವಾಗಿತ್ತು: 2025ರ ಜನವರಿ 1ರಿಂದ ಜಾರಿಯಲ್ಲಿರುವ ಎಬಿ 2992 ಎಂಬ ಕ್ಯಾಲಿಫೋರ್ನಿಯಾ ಕಾಯ್ದೆಯಂತೆ ವ್ಯಕ್ತಿಗಳೊಂದಿಗಿನ ಇಂಥ ಕರಾರು ಒಂದು ಸಲಕ್ಕೆ ಮೂರು ತಿಂಗಳು ಮೀರುವಂತಿಲ್ಲ, ನವೀಕರಣವೂ ಲಿಖಿತವಾಗಿರಬೇಕು. ಅವಧಿ ಮುಗಿದ ಮೇಲೂ, ಆ ಏಜೆಂಟರು ತೋರಿಸಿದ್ದ ಮನೆಯನ್ನು ಇಂತಿಷ್ಟು ದಿನಗಳೊಳಗೆ ಕೊಂಡರೆ ಶುಲ್ಕ ಕೊಡಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅದನ್ನು ತೆಗೆಸುವುದು ಕಷ್ಟ, ದಿನಗಳನ್ನು ಇಳಿಸುವುದು ಸಾಧ್ಯ. ನನ್ನ ಪರಿಚಯದ ಬಹುತೇಕರು ಶೇಕಡಾ ಅಂಕಿಯೊಂದನ್ನೇ ಹಿಡಿದು ಜಗ್ಗಾಡುತ್ತಾರೆ, ಈ ಸಾಲುಗಳನ್ನು ಓದುವುದೇ ಇಲ್ಲ.

ಹಣ ಯಾರು ಕೊಡುತ್ತಾರೆಂಬ ಪ್ರಶ್ನೆಗೆ ಈಗ ಮೂರು ಉತ್ತರಗಳಿವೆ: ಕೊಳ್ಳುವವರೇ ಕೈಯಿಂದ ಕೊಡಬಹುದು, ಮಾರುವವರು ಕೊಡಬೇಕೆಂದು ಆಫರ್‌ನಲ್ಲಿಯೇ ಬರೆದು ಕೇಳಬಹುದು, ಅಥವಾ ಇಬ್ಬರೂ ಹಂಚಿಕೊಳ್ಳಬಹುದು. ನಾವು ಎರಡನೆಯದನ್ನು ಆರಿಸಿಕೊಂಡೆವು. 9 ಲಕ್ಷ ಡಾಲರ್ ಆಫರ್ ಕೊಟ್ಟು, ಅದರಿಂದ ನಮ್ಮ ಏಜೆಂಟರ 18,000 ಡಾಲರ್ ಶುಲ್ಕವನ್ನು ಮಾರುವವರು ಭರಿಸಬೇಕೆಂದು ಕೇಳಿದೆವು. ಮಾರುವವರ ದೃಷ್ಟಿಯಲ್ಲಿ ಇದು ಶುಲ್ಕದ ಬೇಡಿಕೆಯಿಲ್ಲದ 8,82,000 ಡಾಲರ್ ಆಫರ್‌ಗೆ ಸಮ. ನಮಗೆ ಮಾತ್ರ ಎರಡೂ ಒಂದಲ್ಲ. ಸಾಮಾನ್ಯ ಗೃಹಸಾಲದಲ್ಲಿ ಏಜೆಂಟರ ಶುಲ್ಕವನ್ನು ಸಾಲದ ಮೊತ್ತಕ್ಕೆ ಸೇರಿಸಲು ಬರುವುದಿಲ್ಲ. ಆದ್ದರಿಂದ 8,82,000ಕ್ಕೆ ಕೊಂಡು ಶುಲ್ಕವನ್ನು (ಸರಳ ಲೆಕ್ಕಕ್ಕೆ ಅದೇ 18,000 ಎಂದಿಟ್ಟುಕೊಂಡು) ನಾವೇ ಕೊಟ್ಟಿದ್ದರೆ, ಶೇ. 20 ಡೌನ್ ಪೇಮೆಂಟ್ ಆದ 1,76,400ರ ಜೊತೆಗೆ 18,000 ಸೇರಿ 1,94,400 ಡಾಲರ್ ನಗದು ಬೇಕಾಗುತ್ತಿತ್ತು. 9 ಲಕ್ಷದ ದಾರಿಯಲ್ಲಿ 1,80,000 ಸಾಕಾಯಿತು. ಉಳಿದ 14,400 ಡಾಲರ್ ಸಾಲದೊಳಗೆ ಸೇರಿಕೊಂಡಿತು. ಶೇ. 6.75 ಬಡ್ಡಿಯಲ್ಲಿ ಅದರ ಕಂತು ತಿಂಗಳಿಗೆ ಸುಮಾರು 93 ಡಾಲರ್, 30 ವರ್ಷ ಪೂರ್ತಿ ಕಟ್ಟಿದರೆ ಸುಮಾರು 33,600 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಆಸ್ತಿ ತೆರಿಗೆಯ ಮೂಲ ದರ ಕೊಂಡ ಬೆಲೆಯ ಶೇ. 1 ಆಗಿರುವುದರಿಂದ, ಬೆಲೆಯಲ್ಲಿ ಅಡಗಿದ 18,000ದ ಮೇಲೆ ವರ್ಷಕ್ಕೆ ಕನಿಷ್ಠ 180 ಡಾಲರ್ ತೆರಿಗೆಯೂ ಬೀಳುತ್ತದೆ. ‘ಮಾರುವವರೇ ಕೊಟ್ಟರು’ ಎಂಬ ಮಾತಿನ ನಿಜವಾದ ಬೆಲೆ ಇದು, ಮಾವನವರ ಪ್ರಶ್ನೆಗೆ ತಡವಾಗಿ ಸಿಕ್ಕ ಉತ್ತರವೂ ಇದೇ. ನಗದು ಕೈಯಲ್ಲಿ ಉಳಿಯುವುದು ನಮಗೆ ಮುಖ್ಯವಾಗಿದ್ದರಿಂದ ತಿಳಿದೇ ಈ ಬೆಲೆ ತೆತ್ತೆವು. ಈ ದಾರಿಗೆ ಇನ್ನೊಂದು ತೊಡಕಿದೆ: ಏರಿಸಿದ ಬೆಲೆಯನ್ನು ಬ್ಯಾಂಕಿನ ಅಪ್ರೈಸಲ್, ಅಂದರೆ ಮನೆಯ ಬೆಲೆಯ ಅಂದಾಜು, ಒಪ್ಪಬೇಕು, ಒಪ್ಪದಿದ್ದರೆ ಲೆಕ್ಕವೆಲ್ಲ ಮೊದಲಿನಿಂದ.

ಕಾಂಡೊ ಮಾರುವಾಗ ಆಫರ್‌ನ ಇದೇ ಶುಲ್ಕದ ಸಾಲನ್ನು ಮೇಜಿನ ಆಚೆ ಬದಿಯಿಂದ ಓದಿದೆವು. 7,60,000 ಡಾಲರ್‌ನ ಒಂದು ಆಫರ್ ಕೊಳ್ಳುವವರ ಏಜೆಂಟರಿಗಾಗಿ ಶೇ. 2.5 ಕೇಳಿತ್ತು, ಅಂದರೆ 19,000 ಕಳೆದು 7,41,000. ಇನ್ನೊಬ್ಬರು 7,48,000 ಕೊಡುತ್ತೇವೆ, ನಮ್ಮ ಏಜೆಂಟರನ್ನು ನಾವೇ ನೋಡಿಕೊಳ್ಳುತ್ತೇವೆ ಎಂದರು. ನಾವು ಎರಡನೆಯವರಿಗೆ ಕೊಟ್ಟೆವು. ಮೊದಲ ಏಜೆಂಟರ ಬೇಡಿಕೆ ಶೇ. 1.5 ಆಗಿದ್ದಿದ್ದರೆ, 7,600 ಡಾಲರ್ ಉಳಿದು, ಫಲಿತಾಂಶ ಬೇರೆಯಾಗುತ್ತಿತ್ತು. ಏಜೆಂಟರ ಶುಲ್ಕದಿಂದಾಗಿ ಅವರ ಗ್ರಾಹಕರು ಮನೆ ಕಳೆದುಕೊಳ್ಳುವುದು ಈಗ ಸಾಧ್ಯ. ದರ ಇಳಿಸುವ ಒತ್ತಡ ಎಲ್ಲಿಂದಾದರೂ ಬರುವುದಿದ್ದರೆ ಇಲ್ಲಿಂದಲೇ ಬರಬೇಕು.

2025ರ ಆರಂಭದವರೆಗೂ ಆ ಒತ್ತಡ ಅಂಕಿಗಳಲ್ಲಿ ಕಂಡಿರಲಿಲ್ಲ. ರೆಡ್‌ಫಿನ್ ಎಂಬ ರಿಯಲ್ ಎಸ್ಟೇಟ್ ಕಂಪನಿಯ ಲೆಕ್ಕದಂತೆ ಕೊಳ್ಳುವವರ ಏಜೆಂಟರ ಸರಾಸರಿ ಕಮಿಷನ್ 2024ರ ಮೂರನೆಯ ತ್ರೈಮಾಸಿಕದಲ್ಲಿ ಶೇ. 2.36 ಇದ್ದದ್ದು 2025ರ ಮೊದಲ ತ್ರೈಮಾಸಿಕದಲ್ಲಿ ಶೇ. 2.40 ಆಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಎಂಎಲ್‌ಎಸ್‌ನಿಂದ ಮಾಯವಾದ ಅಂಕಿ ಬೇರೆ ಕಡೆ ಬದುಕಿದೆ: ಮಾರುವವರು ತಮ್ಮ ಏಜೆಂಟರ ಜಾಲತಾಣದಲ್ಲಿ ಅದನ್ನು ಪ್ರಕಟಿಸಬಹುದು, ಕೊಳ್ಳುವವರ ಏಜೆಂಟರು ಫೋನ್ ಮಾಡಿ ‘ಎಷ್ಟು ಕೊಡುತ್ತೀರಿ?’ ಎಂದು ಕೇಳಬಹುದು. ನಮ್ಮ ಏಜೆಂಟರೂ ಪ್ರತಿ ಮನೆಗೂ ಮುಂಚೆ ಹಾಗೆ ಕೇಳುತ್ತಿದ್ದರು. ವ್ಯತ್ಯಾಸವೆಂದರೆ, ಬಂದ ಉತ್ತರವನ್ನು ನಮಗೂ ತಿಳಿಸುತ್ತಿದ್ದರು. ಮತ್ತೆ, ಸಂಬಂಧಿಕರ ಕಡೆಯಿಂದಲೋ ಕನ್ನಡ ಕೂಟದಲ್ಲೋ ಪರಿಚಯವಾದ ಏಜೆಂಟರೊಂದಿಗೆ ದುಡ್ಡಿನ ಮಾತೆತ್ತಲು ನಮ್ಮವರಿಗೆ ಸಂಕೋಚ. ‘ನಮ್ಮವರೇ ಅಲ್ಲವೇ’ ಎಂಬ ದಾಕ್ಷಿಣ್ಯಕ್ಕೆ 9 ಲಕ್ಷದ ಮನೆಯಲ್ಲಿ ಅರ್ಧ ಶೇಕಡಾ ಎಂದರೆ 4,500 ಡಾಲರ್. ಕಮಿಷನ್ನಿನಲ್ಲಿ ಸ್ವಲ್ಪ ಹಿಂದಿರುಗಿಸುವ ರಿಬೇಟ್ ಪದ್ಧತಿ ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧವಾಗಿದ್ದು ಇಲ್ಲಿನ ಭಾರತೀಯರಲ್ಲಿ ಜನಪ್ರಿಯವೂ ಆಗಿದೆ. ಒರೆಗಾನ್‌ನಂಥ ಕೆಲವು ರಾಜ್ಯಗಳಲ್ಲಿ ಅದಕ್ಕೆ ನಿಷೇಧವಿದೆ. ಹೊಸ ನಿಯಮದಲ್ಲಿ ರಿಬೇಟಿನ ಆಸೆಗಿಂತ ಕರಾರಿನಲ್ಲೇ ಕಡಿಮೆ ದರ ಬರೆಸಿಕೊಳ್ಳುವುದು ಮೇಲು, ಏಕೆಂದರೆ ಮಾರುವವರು ನೋಡುವುದು ಆಫರ್‌ನಲ್ಲಿರುವ ಅಂಕಿಯನ್ನು, ನಿಮಗೆ ಆಮೇಲೆ ಹಿಂದೆ ಬರುವ ಮೊತ್ತವನ್ನಲ್ಲ.

ಈ ಬದಲಾವಣೆಯಿಂದ ಪೆಟ್ಟು ಬೀಳುವುದು ಉಳಿತಾಯ ಕಡಿಮೆಯಿರುವ ಮೊದಲ ಸಲದ ಕೊಳ್ಳುವವರಿಗೆ. ಡೌನ್ ಪೇಮೆಂಟ್‌ಗೇ ಒದ್ದಾಡುವವರ ಬಳಿ ಏಜೆಂಟರಿಗೆ ಕೊಡಲು ಪ್ರತ್ಯೇಕ ನಗದು ಇರುವುದಿಲ್ಲ, ಒಂದು ಮನೆಗೆ ಹತ್ತು ಆಫರ್ ಬೀಳುವ ಕಡೆ ಶುಲ್ಕ ಕೇಳುವ ಆಫರ್ ಹಿಂದೆ ಬೀಳುತ್ತದೆ. ಮಾಜಿ ಸೈನಿಕರ ಸಾಲ ಯೋಜನೆಯಲ್ಲಿ ಕೊಳ್ಳುವವರು ಏಜೆಂಟರಿಗೆ ಹಣ ಕೊಡುವುದಕ್ಕೇ ಮೊದಲು ನಿಷೇಧವಿದ್ದು, ಹೊಸ ನಿಯಮಕ್ಕೆ ವಾರದ ಮುಂಚೆ, ಆಗಸ್ಟ್ 10ರಂದು, ಸರ್ಕಾರ ಅದನ್ನು ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು.

ಮನೆ ನೋಡುವ ಮೊದಲೇ ಕರಾರು ಕಡ್ಡಾಯ ಮಾಡಿದ್ದರ ಬಗ್ಗೆ ಅಮೆರಿಕದ ನ್ಯಾಯಾಂಗ ಇಲಾಖೆಯೇ 2024ರ ನವೆಂಬರ್‌ನಲ್ಲಿ ನ್ಯಾಯಾಲಯದಲ್ಲಿ ಆಕ್ಷೇಪ ಎತ್ತಿತ್ತು: ಅದು ಕೊಳ್ಳುವವರನ್ನು ಬೇಗ ಕಟ್ಟಿಹಾಕಿ ಏಜೆಂಟರ ನಡುವಿನ ಸ್ಪರ್ಧೆಯನ್ನೇ ಕುಗ್ಗಿಸಬಹುದೆಂಬ ಕಳವಳ. ಇಡೀ ರಾಜ್ಯವನ್ನು ವ್ಯಾಪ್ತಿಯಾಗಿ ಬರೆದಿದ್ದ ಕರಾರನ್ನು ಕಂಡ ನನಗೆ ಆ ಕಳವಳ ಅರ್ಥವಾಗುತ್ತದೆ. ಆದರೂ ಮೊದಲೇ ಬರೆದುಕೊಳ್ಳುವುದರ ಪರವೇ ನಾನು, ಅವಧಿ ಚಿಕ್ಕದಿರಬೇಕು ಅಷ್ಟೆ. ಹೊಸ ಏಜೆಂಟರನ್ನು ಪರೀಕ್ಷಿಸಬೇಕಿದ್ದರೆ ಒಂದೇ ಮನೆಗೆ ಅಥವಾ ಕೆಲವೇ ದಿನಗಳಿಗೆ ಸೀಮಿತವಾದ ಕರಾರು ಕೇಳಬಹುದು. ಕೊಡಲು ಒಪ್ಪದವರನ್ನು ಅಲ್ಲಿಗೇ ಬಿಡಬಹುದು.

ಇನ್ನು ಮನೆ ಕೈಸೇರಿದ ನಂತರದ ಸೇವೆ. ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡ ಕೆಲವು ತಿಂಗಳಿಗೆ ಆಸ್ತಿ ತೆರಿಗೆಯ ಪೂರಕ ಬಿಲ್ಲು ಪ್ರತ್ಯೇಕವಾಗಿ ಮನೆಗೆ ಬರುತ್ತದೆ, ತೆರಿಗೆ ಕಟ್ಟಲೆಂದು ಸಾಲ ಕೊಟ್ಟವರು ಕಂತಿನ ಜೊತೆ ಹಣ ಕೂಡಿಡುವ ಎಸ್ಕ್ರೋ ಖಾತೆಯಿಂದ ಅದು ಸಾಮಾನ್ಯವಾಗಿ ಕಟ್ಟಿಹೋಗುವುದಿಲ್ಲ. 2015ರ ಏಜೆಂಟರು ಇದರ ಸುಳಿವನ್ನೇ ಕೊಟ್ಟಿರಲಿಲ್ಲ. ಈ ಸಲದವರು ಕೀಲಿಕೈ ಕೊಟ್ಟ ದಿನವೇ ಹೇಳಿ, ಬಿಲ್ಲು ಬಂದಾಗ ಅದನ್ನು ಓದುವ ಬಗೆಯನ್ನೂ ಫೋನಿನಲ್ಲಿ ವಿವರಿಸಿದರು. ಇದು ಏಜೆಂಟರ ಸ್ವಭಾವದ ಮಾತು, ಹೊಸ ನಿಯಮದ ಖಾತೆಗೆ ಜಮಾ ಮಾಡಲಾರೆ. ಮೇಲೆ ಕೊಟ್ಟ ನಾಲ್ಕು ಅಂಕದಲ್ಲಿ ಇದನ್ನು ಸೇರಿಸಿಲ್ಲ.